ಒಪ್ಪಿಗೆ ಆದರೆ

ಇಂಥ ಕಥೆಯ ತಲೆಗೆ ಒಂದು ಗಾದೆ ಕಟ್ಟುವುದು ವಾಡಿಕೆ. ನಮ್ಮ ಗಾದೆ ಬಸ್ಸಿನಲ್ಲಿ ಕಳೆದುಹೋಗಿದೆ. ಯಾರಾದರೂ ಪುಣ್ಯಾತ್ಮರು ಅದನ್ನು ಎತ್ತಿಕೊಂಡು ನಿಲ್ದಾಣದ ಕೌಂಟರಿಗೆ ತಲುಪಿಸಿರಲೂಬಹುದು. ಆದರೂ ಅದು ವಾಪಸು ಬರುವ ಆಸೆ ಇಲ್ಲ. ಯಾಕೆಂದರೆ ಆ ಕೌಂಟರಿನ ಹಿಂದೆ ಕೂತಿದ್ದವನ ಕಥೆಯೇ ಇದು. ನಡೆದದ್ದು ನಡೆದ ಹಾಗೆ ಇದೆ. ನಂಬದವರು ದಯವಿಟ್ಟು ಮೂರನೇ ಸಾಲಿನಲ್ಲಿ ನಿಲ್ಲಬೇಕು. ಅದು ಎಂಥ ಸಾಲು ಎಂಬುದು ಮುಂದೆ ತಾನಾಗಿ ತಿಳಿಯುತ್ತದೆ.

ಬಸ್ ನಿಲ್ದಾಣದಲ್ಲಿ ಕಳೆದ ಸಾಮಾನಿನ ಕೌಂಟರು ನೋಡಿಕೊಳ್ಳುವುದು ಅವನ ಕೆಲಸ. ಜನ ಮರೆತುಹೋದದ್ದನ್ನು ಕಂಡಕ್ಟರುಗಳು ತಂದು ಅವನ ಮುಂದೆ ಹಾಕುತ್ತಾರೆ, ಅವನು ಅದನ್ನು ಬೆನ್ನ ಹಿಂದಿನ ಕಬ್ಬಿಣದ ಕಪಾಟಿಗೆ ಸೇರಿಸುತ್ತಾನೆ, ಮರೆತವರು ಬಂದು ಗುರುತು ಹೇಳಿ ಒಯ್ಯುತ್ತಾರೆ. ಬರುವುದರಲ್ಲಿ ಮುಕ್ಕಾಲು ಪಾಲು ಛತ್ರಿ. ಹಾಗಾಗಿ ನಿಲ್ದಾಣದವರೆಲ್ಲ ಅವನನ್ನೇ 'ಛತ್ರಿ' ಎಂದು ಕರೆಯುತ್ತಿದ್ದರು. ಆ ಪದಕ್ಕೆ ಕಿಲಾಡಿ, ನಯವಂಚಕ ಎಂಬ ಅರ್ಥವೂ ಉಂಟಲ್ಲ, ಆ ಲೆಕ್ಕಕ್ಕೆ ನೋಡಿದರೆ ಇವನಷ್ಟು ಛತ್ರಿಯಲ್ಲದ ಮನುಷ್ಯ ಆ ನಿಲ್ದಾಣದಲ್ಲಿ ಇನ್ನೊಬ್ಬನಿರಲಿಲ್ಲ. ತಲೆಗೂದಲು ಕಿವಿಯ ಮೇಲೆ ನರೆಯತೊಡಗಿತ್ತು, ಕಣ್ಣಿಗೆ ಕನ್ನಡಕ ಬಂದಿತ್ತು, ಮದುವೆಯಾಗಿರಲಿಲ್ಲ, ಅಕ್ಕ ಭಾವನ ಮನೆಯ ಮುಂದಿನ ಕೋಣೆಯಲ್ಲಿ ಇದ್ದ.

ಅವನು ತರ್ಕಶಾಸ್ತ್ರಕ್ಕೆ ಬಿದ್ದದ್ದು ಈ ಭಾವನ ದೆಸೆಯಿಂದ. ಭಾವ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಎದುರಿಗೆ ಕೂತವನು ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೇ ಮಾತು ಶುರುಮಾಡುವುದು ಅವರಿಗೆ ವೃತ್ತಿಯಿಂದ ಬಂದ ಗುಣ. ಊಟಕ್ಕೆ ಕೂತಾಗಲೆಲ್ಲ ಒಂದೇ ರಾಗ.

"ನೋಡಪ್ಪ, ನೀನು ಜಾಣ ಆಗಿದ್ದಿದ್ರೆ ಇಷ್ಟು ಹೊತ್ತಿಗೆ ಮದುವೆ ಆಗಿರ್ತಿತ್ತು. ಆಗಿಲ್ಲ. ಅಂದ್ಮೇಲೆ ನೀನು ಏನು?"

"ಊಟ ಮಾಡೋವಾಗ ಬೇಡ ಅಂದ್ರೆ," ಎಂದು ಅಕ್ಕ ಸೌಟು ಎತ್ತುತ್ತಿದ್ದಳು.

"ನಾನೇನೂ ಅನ್ನಲಿಲ್ಲವಲ್ಲೇ. ಅವನನ್ನೇ ಕೇಳಿದೆ, ಏನು ಅಂತ."

ಈ ವಾದದಲ್ಲಿ ಎಲ್ಲೋ ಒಂದು ತೂತಿದೆ, ಅದು ಎಲ್ಲಿದೆ ಎಂದು ಕಂಡುಹಿಡಿಯಲೇಬೇಕು ಎಂದು ಛತ್ರಿ ವಯಸ್ಕರ ಸಂಜೆ ತರಗತಿಗೆ ಸೇರಿದ. ಅದು ನಡೆಯುತ್ತಿದ್ದದ್ದು ಪ್ರೈಮರಿ ಶಾಲೆಯ ಕೊಠಡಿಯಲ್ಲಿ. ಒಂದನೇ ಕ್ಲಾಸಿನ ಮಕ್ಕಳ ಬೆಂಚು. ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತ ದೊಡ್ಡವರಿಗೆ ನಿವೃತ್ತ ಉಪನ್ಯಾಸಕಿಯೊಬ್ಬರು ತರ್ಕ ಹೇಳುತ್ತಿದ್ದರು. ಎಲ್ಲರಿಗೂ ಅವರು ತರ್ಕದ ಮೇಡಂ.

ಮೊದಲ ದಿನವೇ ಛತ್ರಿ ಭಾವನ ವಾದವನ್ನು ಅವರ ಮುಂದಿಟ್ಟ. ಮೇಡಂ ಮಾತುಗಳನ್ನು ಕಿತ್ತು ಹಾಕಿ ಅಕ್ಷರ ಕೂರಿಸಿದರು. ಜಾಣ ಎಂಬುದು 'ಕ', ಮದುವೆ ಎಂಬುದು 'ಖ'. ಬೋರ್ಡಿನ ಮೇಲೆ ಬರೆದರು: ಕ ಆದರೆ ಖ. ಖ ಇಲ್ಲ. ಆದ್ದರಿಂದ ಕ ಇಲ್ಲ.

"ಸಿಂಧು," ಎಂದರು.

"ಅಂದ್ರೆ ಮೇಡಂ?"

"ಅಂದ್ರೆ ವಾದದ ಕಟ್ಟು ಗಟ್ಟಿ. ಮೇಲಿನ ಎರಡು ಮಾತು ನಿಜ ಆದ್ರೆ ಕೆಳಗಿನದು ನಿಜ ಆಗಲೇಬೇಕು. ತಪ್ಪಿಸ್ಕೊಳ್ಳೋಕೆ ಜಾಗ ಇಲ್ಲ."

ಛತ್ರಿ ಕಲಿತ ಮೊದಲ ಪಾಠ, ತಾನು ದಡ್ಡ ಎಂಬುದಕ್ಕೆ ಬಿದ್ದ ಶಾಸ್ತ್ರದ ಮುದ್ರೆ. ಅವನ ಮುಖ ನೋಡಿ ಮೇಡಂ ದನಿ ಇಳಿಸಿದರು. "ಕಟ್ಟು ಗಟ್ಟಿ ಅಂದಮಾತ್ರಕ್ಕೆ ಒಳಗೆ ಹಾಕಿರೋದು ನಿಜ ಅಂತೇನಿಲ್ಲ. ಜಾಣರಿಗೆಲ್ಲ ಮದುವೆ ಆಗುತ್ತೆ ಅನ್ನೋ ಮೊದಲನೇ ಮಾತೇ ಸುಳ್ಳಿರಬಹುದಲ್ಲ? ನನ್ನನ್ನೇ ನೋಡಿ."

ಮೇಡಂಗೆ ಮದುವೆಯಾಗಿರಲಿಲ್ಲ. ಇಡೀ ತರಗತಿ ಗೌರವದಿಂದ ತಲೆ ತಗ್ಗಿಸಿತು.

ಆಮೇಲಿನ ಪಾಠ ಪಟ್ಟಿ. ಎರಡೂ ನಿಜ; ಕ ನಿಜ, ಖ ಸುಳ್ಳು; ಕ ಸುಳ್ಳು, ಖ ನಿಜ; ಎರಡೂ ಸುಳ್ಳು. ಲೋಕದಲ್ಲಿ ಏನೇ ನಡೆದರೂ ಈ ನಾಲ್ಕು ಸಾಲಿನೊಳಗೇ ನಡೆಯಬೇಕು. ಮೇಡಂ ಕೇಳಿದರು: "ಮಳೆ ಬಂದರೆ ಅಂಗಳ ಒದ್ದೆ. ಅಂಗಳ ಒದ್ದೆ ಆಗಿದೆ. ಆದ್ದರಿಂದ ಮಳೆ ಬಂದಿದೆ. ಸರಿಯಾ?"

"ಸರಿ!" ಎಂದು ಬೆಂಚುಗಳು ಕಿರುಗುಟ್ಟಿದವು.

"ಮೂರನೇ ಸಾಲು ನೋಡಿ. ಮಳೆ ಇಲ್ಲ, ಆದರೂ ಅಂಗಳ ಒದ್ದೆ. ಯಾರೋ ಬಕೆಟ್ ಚೆಲ್ಲಿದ್ದಾರೆ. ವಾದ ಅಸಿಂಧು."

ಛತ್ರಿಯ ಮೈ ಜುಮ್ಮೆಂದಿತು. ಇಷ್ಟು ವರ್ಷದಲ್ಲಿ ತಾನು ಎಷ್ಟು ಬಕೆಟ್ಟುಗಳನ್ನು ಮಳೆ ಎಂದು ನಂಬಿಬಿಟ್ಟೆನೋ! ಅಂದಿನಿಂದ ಅವನು ಎಲ್ಲಿ ಹೋದರೂ ಜೇಬಿನಲ್ಲಿ ಒಂದು ಸೀಮೆಸುಣ್ಣ.

ತರಗತಿ ಬಿಡುವಾಗ ಮೇಡಂ ಒಂದು ಮಾತು ಹೇಳಿದರು. "ಪಟ್ಟಿ ಯಾರು ಬೇಕಾದ್ರೂ ಹಾಕ್ತಾರೆ. ಮಾತನ್ನ ಅಕ್ಷರಕ್ಕೆ ಇಳಿಸೋದೇ ಕಷ್ಟ. ಮಾತು ಮೋಸ ಮಾಡುತ್ತೆ. ಅದನ್ನ ಮುಂದಿನ ವಾರ ಹೇಳ್ತೀನಿ, ಯಾರೂ ತಪ್ಪಿಸ್ಕೋಬೇಡಿ."

ಓದುಗರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಛತ್ರಿ ಇಟ್ಟುಕೊಳ್ಳಲಿಲ್ಲ.

ಮಾರನೆಯ ದಿನವೇ ಕೌಂಟರಿನಲ್ಲಿ ಶಾಸ್ತ್ರ ಜಾರಿಗೆ ಬಂತು. ಹೊರಗೆ ಮಳೆ. ನೆನೆದ ಬೆಕ್ಕಿನಂತಾಗಿದ್ದ ಪ್ರಯಾಣಿಕನೊಬ್ಬ ಬಂದು ಕಪಾಟಿನ ಕಡೆ ಬೆರಳು ತೋರಿಸಿದ.

"ನನ್ನ ಛತ್ರಿ ಕಪ್ಪು ಬಣ್ಣದ್ದು. ಅಗೋ, ಅದೇ."

ಛತ್ರಿ ಕೌಂಟರಿನ ಹಲಗೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ. "ಇದು ನಿಮ್ಮದಾದರೆ ಕಪ್ಪಗಿರಬೇಕು. ಕಪ್ಪಗಿದೆ. ಆದ್ದರಿಂದ ನಿಮ್ಮದು. ಇದೇ ತಾನೇ ನಿಮ್ಮ ವಾದ?"

"ವಾದ ಯಾವಾಗ ಮಾಡಿದೆ ಸ್ವಾಮಿ? ಛತ್ರಿ ಕೇಳಿದೆ."

"ಕ್ಷಮಿಸಬೇಕು. ನೀವು ಮೂರನೇ ಸಾಲಿನಲ್ಲಿದ್ದೀರಿ."

ಆತ ಹಿಂದೆ ತಿರುಗಿ ನೋಡಿದ. "ಇರೋದೇ ಒಂದು ಸಾಲು! ಅದರಲ್ಲೂ ನಾನೇ ಮೊದಲನೆಯವನು!"

"ನಿಮ್ಮದಲ್ಲ, ಆದರೂ ಕಪ್ಪಗಿದೆ, ಅನ್ನೋದಕ್ಕೆ ಅವಕಾಶ ಇದೆ. ಹಾಗಾಗಿ ಸಿಂಧು ಅಲ್ಲ."

"ಸಿಂಧುವೋ ಬಿಂದುವೋ ನನಗೆ ಗೊತ್ತಿಲ್ಲ! ಹೊರಗೆ ಬಿಂದು ಬಿಂದುವಾಗಿ ಸುರೀತಿದೆ, ಕೊಡ್ರೀ!"

ಕೊಡಲಿಲ್ಲ. ಅವನ ಹಿಂದೆ ಮಗುವಿನ ಒಂದು ಬೂಟು ಹಿಡಿದು ಬಂದ ತಾಯಿಗೂ ಕೊಡಲಿಲ್ಲ. ಎರಡು ಬೂಟು ಒಂದೇ ಥರ ಇದ್ದಮಾತ್ರಕ್ಕೆ ಜೋಡಿ ಎನ್ನುವುದು ಹೇಗೆ? "ಹಾಗಾದ್ರೆ ಈ ಅಂಗೈಯಗಲದ ಬೂಟು ಯಾರ್ದು, ನಿಮ್ಮ ತಾತಂದಾ?" ಎಂದು ಆಕೆ ಕೇಳಿದ ಪ್ರಶ್ನೆಯನ್ನು ಅವನು ಗಂಭೀರವಾಗಿಯೇ ತೆಗೆದುಕೊಂಡು, ಅದಕ್ಕೂ ಸಾಕ್ಷಿ ಸಾಲದು ಎಂದ.

ಹಲ್ಲುಸೆಟ್ಟು ಕಳೆದುಕೊಂಡ ಮುದುಕರದಂತೂ ದೊಡ್ಡ ಸಂಕಟ. ಬಸ್ಸಿನಲ್ಲಿ ಸೀನಿದಾಗ ಹಾರಿದ ಹಲ್ಲು ಕಪಾಟಿನಲ್ಲಿ ಕೂತು ಅವರನ್ನೇ ನೋಡಿ ನಗುತ್ತಿತ್ತು.

"ಅಪ್ಪಾ, ಅದು ನನ್ನ ಅಲ್ಲು."

"ನಿಮ್ಮದಲ್ಲವಾ?"

"ಅಲ್ಲು! ನನ್ನ ಅಲ್ಲು!"

"ನಿಮ್ಮದಲ್ಲ ಅಂತ ನೀವೇ ಎರಡು ಸಲ ಒಪ್ಪಿಕೊಂಡ ಮೇಲೆ ನಾನೇನು ಮಾಡಲಿ ಹೇಳಿ."

ಹೀಗೆ ಬರುವ ಸಾಮಾನು ಬರುತ್ತಲೇ ಇತ್ತು, ಹೋಗುವುದು ನಿಂತಿತು. ಕಪಾಟು ತುಂಬಿ, ಬೆಂಚು ತುಂಬಿ, ಛತ್ರಿಗಳ ರಾಶಿಯ ನಡುವೆ ಛತ್ರಿಯ ತಲೆ ಮಾತ್ರ ಕಾಣುವಂತಾದಾಗ ನಿಲ್ದಾಣದ ಮ್ಯಾನೇಜರು ಬಂದರು.

"ಏನ್ರೀ ಇದು, ಕಳೆದ ಸಾಮಾನಿನ ಕೌಂಟರೋ, ಸಾಮಾನು ಕಳೆಯೋ ಕೌಂಟರೋ?"

"ಸರ್, ಯಾವುದು ಯಾರದು ಅಂತ ಸಿದ್ಧ ಆಗ್ತಿಲ್ಲ."

"ಇನ್ನೊಂದು ವಾರ ನೋಡ್ತೀನಿ. ಖಾಲಿ ಆಗ್ಲಿಲ್ವೋ, ನಿಮ್ಮನ್ನ ಶೌಚಾಲಯದ ಕೌಂಟರಿಗೆ ಹಾಕ್ತೀನಿ. ಅಲ್ಲಿಗೆ ಬರೋರು ವಾದ ಮಾಡೋಕೆ ನಿಲ್ಲಲ್ಲ."

ಆ ವಾರದಲ್ಲೇ ತರ್ಕದ ಮೇಡಂ ಹೇಳಿದ್ದ ಆ ಪಾಠ. ಅಂದು ಸಂಜೆಯೂ ಮಳೆ. ಛತ್ರಿ ಬೆಳಿಗ್ಗೆ ತನ್ನ ಸ್ವಂತ ಛತ್ರಿಯನ್ನು ಬಸ್ಸಿನಲ್ಲೇ ಮರೆತಿದ್ದ. ಮಧ್ಯಾಹ್ನ ಕಂಡಕ್ಟರು ತಂದು ಅವನ ಕೌಂಟರಿಗೇ ಒಪ್ಪಿಸಿದ್ದ. ಅವನು ಅದನ್ನು ಕೈಗೆತ್ತಿಕೊಂಡು ನೋಡಿದ. ನನ್ನದಾದರೆ ಹಿಡಿ ಸೀಳಿರಬೇಕು. ಸೀಳಿದೆ. ಆದ್ದರಿಂದ... ಹಿಡಿ ಸೀಳಿದ ಛತ್ರಿ ಲೋಕದಲ್ಲಿ ಇನ್ನೊಂದಿಲ್ಲವೇ? ಸಾರ್ವಜನಿಕರಿಗೊಂದು ನ್ಯಾಯ, ತನಗೊಂದು ನ್ಯಾಯವೇ? ಅವನು ಅದನ್ನು ಮರಳಿ ಕಪಾಟಿಗೆ ಇಟ್ಟ. ಸುತ್ತ ನೂರಾರು ಛತ್ರಿಗಳನ್ನಿಟ್ಟುಕೊಂಡು, ಛತ್ರಿಯಿಲ್ಲದೆ, ಮಳೆ ನಿಲ್ಲುವವರೆಗೂ ಅಲ್ಲೇ ಕೂತ. ತರಗತಿ ತಪ್ಪಿತು. ಪ್ರಾಮಾಣಿಕತೆಯಿಂದ ಆದ ನಷ್ಟಗಳಲ್ಲಿ ಇದನ್ನೂ ಒಂದು ಎಂದು ಎಣಿಸಬೇಕು.

ಇನ್ನು ದಯವಿಟ್ಟುವಿನ ವಿಷಯ.

ನಿಲ್ದಾಣದಲ್ಲಿ ಬಸ್ಸುಗಳ ಪ್ರಕಟಣೆ ಹೇಳುತ್ತಿದ್ದವಳ ಅಡ್ಡಹೆಸರು ಅದು. "ಪ್ರಯಾಣಿಕರು ದಯವಿಟ್ಟು ಗಮನಿಸಿ" ಎಂದು ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಹೇಳಿ ಹೇಳಿ ಅವಳ ದನಿ ಇಸ್ತ್ರಿ ಮಾಡಿದ ಬಟ್ಟೆಯಂತಾಗಿತ್ತು. ಎಲ್ಲೂ ಒಂದು ಮಡಿಕೆ ಇಲ್ಲ, ಏರಿಲ್ಲ, ಇಳಿವಿಲ್ಲ. ಬಸ್ಸು ಹೊರಟಿದೆ ಎನ್ನುವುದನ್ನೂ, ಹಾಲು ಉಕ್ಕುತ್ತಿದೆ ಎನ್ನುವುದನ್ನೂ, ನಿಮ್ಮ ಶರ್ಟಿಗೆ ಬೆಂಕಿ ಹತ್ತಿದೆ ಎನ್ನುವುದನ್ನೂ ಒಂದೇ ಅಳತೆಯಲ್ಲಿ ಹೇಳುತ್ತಿದ್ದಳು. ಚಹಾ ಹೊತ್ತಿಗೆ ಅವಳು ಛತ್ರಿಯ ಕೌಂಟರಿನ ಬಳಿ ನಿಂತು, ಹಲಗೆಯ ಮೇಲಿನ ಪಟ್ಟಿಗಳನ್ನು ಓದುತ್ತಿದ್ದಳು. ಇಡೀ ನಿಲ್ದಾಣದಲ್ಲಿ ಅದನ್ನು ನೋಡಿ ನಗದಿದ್ದವಳು ಅವಳೊಬ್ಬಳೇ. ಛತ್ರಿಗೆ ಅಷ್ಟು ಸಾಕಾಗಿತ್ತು. ಅವನ ಎದೆಯೊಳಗೆ ಬಹಳ ದಿನದಿಂದ ಒಂದು ಮಾತು ವಾರಸುದಾರರಿಲ್ಲದೆ ಬಿದ್ದಿತ್ತು.

ಶುಕ್ರವಾರ, ಮನೆಯಲ್ಲಿ ಅಕ್ಕನಿಗೆ ಹೇಳಿಯೇ ಬಂದಿದ್ದ ಅವನು ಮೆಟ್ಟಿಲು ಹತ್ತಿ ಅವಳ ಗಾಜಿನ ಕೋಣೆಯ ಬಾಗಿಲಲ್ಲಿ ನಿಂತ. ಅವಳು ಮೈಕಿನ ಗುಂಡಿ ಆರಿಸಿ ಅವನನ್ನು ನೋಡಿದಳು.

"ನನ್ನನ್ನ ಮದುವೆ ಆಗೋಕೆ ನಿಮಗೆ ಒಪ್ಪಿಗೆ ಇದೆಯಾ?" ಎಂದ ಛತ್ರಿ, ಒಂದೇ ಉಸಿರಿನಲ್ಲಿ.

ಕೆಳಗೆ ಬಸ್ಸೊಂದು ಹಾರನ್ನು ಒತ್ತಿ ಪ್ರಕಟಣೆಗೆ ಅವಸರಿಸುತ್ತಿತ್ತು. ಅವಳು ಹೇಳಿದಳು: "ಒಪ್ಪಿಗೆ ಆದರೆ ಭಾನುವಾರ ನಮ್ಮ ಮನೆಗೆ ಬರಬೇಕು." ಹಾಗೆಂದವಳೇ ಗುಂಡಿ ಒತ್ತಿ, ಅದೇ ದನಿಯಲ್ಲಿ ಮುಂದುವರಿದಳು: "ಪ್ರಯಾಣಿಕರು ದಯವಿಟ್ಟು ಗಮನಿಸಿ."

ಛತ್ರಿ ಗಮನಿಸುತ್ತಲೇ ಮನೆಗೆ ಬಂದ.

"ಏನಂದಳೋ?" ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು.

"ಒಪ್ಪಿಗೆ ಆದರೆ."

"ಅಬ್ಬಾ! ಆದರೆ ಏನಂತೆ?"

"ಆದರೆ ಭಾನುವಾರ ಬರಬೇಕಂತೆ."

"ಮತ್ತೆ ಹೋಗೋದಪ್ಪ!"

"ಆದರೆ ತಾನೇ ಅಕ್ಕಾ ಹೋಗೋದು? ಆಗಿದೆಯೋ ಇಲ್ಲವೋ ಹೇಳಿಲ್ಲವಲ್ಲ."

"ಈಗ ತಾನೇ ಒಪ್ಪಿಗೆ ಅಂದಳು ಅಂದೆ!"

"ಒಪ್ಪಿಗೆ ಅನ್ನಲಿಲ್ಲ. ಒಪ್ಪಿಗೆ ಆದರೆ ಅಂದರು."

"ಅದೇ ನಾನೂ ಕೇಳ್ತಿರೋದು, ಆದರೆ ಏನು?"

ಹೀಗೆ ಅಕ್ಕ ತಮ್ಮ ಆ 'ಆದರೆ'ಯ ಸುತ್ತ ಗಾಣದೆತ್ತಿನಂತೆ ಸುತ್ತುವಾಗ ಭಾವ ಕನ್ನಡಕ ಏರಿಸಿಕೊಂಡು ಬಂದರು. ಛತ್ರಿ ಫ್ರಿಜ್ಜಿನ ಬಾಗಿಲ ಮೇಲೆ ಸೀಮೆಸುಣ್ಣ ಓಡಿಸಿದ. ಒಪ್ಪಿಗೆ ಎಂಬುದು ಕ. ಭಾನುವಾರ ಹೋಗುವುದು ಖ. ಕ ಆದರೆ ಖ.

"ನೋಡಿ ಭಾವ. ನಾನು ಹೋದೆ ಅಂತಿಟ್ಕೊಳ್ಳಿ. ಖ ನಿಜ ಆಯ್ತು. ಅದರಿಂದ ಕ ನಿಜ ಅಂತ ಬರುತ್ತಾ? ಬರಲ್ಲ. ಮೂರನೇ ಸಾಲು! ಒಪ್ಪಿಗೆ ಇಲ್ಲ, ಆದರೂ ನಾನು ಅವರ ಮನೆ ಸೋಫಾ ಮೇಲೆ ಕೂತು ಬಿಸ್ಕತ್ತು ತಿಂತಿದ್ದೀನಿ. ಯಾಕೆ ಬಂದ್ರಿ ಅಂತ ಕೇಳಿದ್ರೆ ಏನು ಹೇಳ್ಲಿ?"

ಭಾವ ಫ್ರಿಜ್ಜಿನ ಮುಂದೆ ಬಹಳ ಹೊತ್ತು ನಿಂತರು. ಟಿಕೆಟ್ಟಿನ ಎರಡೂ ಮಗ್ಗುಲು ತಿರುಗಿಸಿ ನೋಡುವ ಅದೇ ಕಣ್ಣು. ಕೊನೆಗೆ ಹೇಳಿದರು: "ಅವನು ಹೇಳೋದು ಸರಿ ಕಣೇ. ತೂತಿಲ್ಲ."

"ಹೋಗಿ ಆ ಹುಡುಗೀನೇ ಒಂದು ಮಾತು ಕೇಳಬಾರದೇನೋ?" ಅಕ್ಕನಿಗೆ ಅಳು ಬರುವಂತಾಯಿತು.

"ಪಟ್ಟಿ ಇರುವಾಗ ಕೇಳೋದು ತರ್ಕಕ್ಕೆ ಅವಮಾನ ಅಕ್ಕಾ."

ಜೀವಮಾನದಲ್ಲಿ ಛತ್ರಿ ಭಾವನನ್ನು ಸೋಲಿಸಿದ ವಾದ ಅದೊಂದೇ. ಆ ಜಯದ ಫಲವಾಗಿ ಭಾನುವಾರ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಹೊಸ ಶರ್ಟು ಹಾಕಿಕೊಂಡು, ಮನೆಯಲ್ಲೇ ಕೂತ. ಸಂಜೆಯವರೆಗೂ ಕೂತ. ಅಕ್ಕ ಫ್ರಿಜ್ಜಿನ ಬಾಗಿಲನ್ನು ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿದಳು.

ಸೋಮವಾರ ನಿಲ್ದಾಣದ ಧ್ವನಿವರ್ಧಕಗಳು ಎಂದಿನ ದನಿಯಲ್ಲಿ ಹೇಳಿದವು: "ಪ್ರಯಾಣಿಕರು ದಯವಿಟ್ಟು ಗಮನಿಸಿ. ನಿನ್ನೆ ಬರಬೇಕಾಗಿದ್ದವರು ಬಂದಿರುವುದಿಲ್ಲ. ಕಾದವರಿಗೆ ಆದ ತೊಂದರೆಗೆ ಯಾರೂ ವಿಷಾದಿಸಿರುವುದಿಲ್ಲ."

ಯಾವ ಬಸ್ಸು, ಯಾವ ಬಸ್ಸು ಎಂದು ಪ್ರಯಾಣಿಕರು ಒಬ್ಬರನ್ನೊಬ್ಬರು ಕೇಳಿಕೊಂಡು ಅತ್ತಿತ್ತ ಓಡಾಡಿದರು. ಮ್ಯಾನೇಜರು ಕೋಣೆಯಿಂದ ತಲೆ ಹೊರಗೆ ಹಾಕಿದರು. ಕೌಂಟರಿನಲ್ಲಿ ಛತ್ರಿ ಬೆವರಿದ. ಆಗ ಅವನ ಮುಂದೆ ಇಬ್ಬರು ನಿಂತಿದ್ದರು. ಮುಂದಿನವರು ತರ್ಕದ ಮೇಡಂ. ಅವರೂ ಛತ್ರಿ ಕಳೆದುಕೊಂಡಿದ್ದರು.

"ಒಳಗೆ ನನ್ನ ಹೆಸರು ಹೊಲಿದಿರೋ ಛತ್ರಿ ನನ್ನದು. ಆ ನೀಲಿ ಛತ್ರಿ ಒಳಗೆ ನನ್ನ ಹೆಸರು ಹೊಲಿದಿದೆ. ಆದ್ದರಿಂದ ಅದು ನನ್ನದು."

"ಸಿಂಧು!" ಎಂದು ಕೂಗಿದ ಛತ್ರಿಯ ಕಣ್ಣಲ್ಲಿ ನೀರು. ಎಷ್ಟೋ ದಿನಗಳ ಮೇಲೆ ಆ ಕಪಾಟಿನಿಂದ ಒಂದು ಸಾಮಾನು ಹೊರಗೆ ಬಂದಿತ್ತು.

ಹಿಂದೆ ನಿಂತಿದ್ದ ಹಿರಿಯ ಹೆಂಗಸು ಹಲಗೆಯ ಮೇಲೆ ಕೈಚೀಲ ಕುಕ್ಕಿದರು. "ನನ್ನದೂ ಒಂದು ಕಳೆದಿದೆ. ಒಬ್ಬ ಅಳಿಯ."

"ಗುರುತು ಹೇಳಿ," ಎಂದ ಛತ್ರಿ, ಅಭ್ಯಾಸಬಲದಿಂದ.

"ಕಣ್ಣಿಗೆ ಕನ್ನಡಕ. ಕೈಯಲ್ಲಿ ಸೀಮೆಸುಣ್ಣ. ತಲೆಯಲ್ಲಿ ಏನೂ ಇಲ್ಲ."

ಛತ್ರಿ ಸೀಮೆಸುಣ್ಣ ಕೆಳಗಿಟ್ಟ. ಅವರು ದಯವಿಟ್ಟುವಿನ ತಾಯಿ.

"ಅಮ್ಮಾ, ನಿಮ್ಮ ಮಗಳು ಒಪ್ಪಿಗೆ ಆದರೆ ಬರಬೇಕು ಅಂದಿದ್ರು. ಆಗಿಲ್ಲವೇನೋ ಅಂತ..."

"ಏನಪ್ಪಾ ಆಗೋದು? ಒಪ್ಪಿಗೆ ಅಂದಳಲ್ಲ! ಅಂದಮೇಲೆ ಮನೆಗೆ ಬರಬೇಕು ತಾನೇ? ನಿನ್ನೆಯೆಲ್ಲ ಅವಳು ಕಿಟಕಿ ಬಿಟ್ಟು ಎದ್ದಿಲ್ಲ. ನಾನು ಚಹಾ ಬಿಸಿ ಮಾಡಿ ಮಾಡಿ ಅದು ಕಷಾಯ ಆಯ್ತು!"

ಹೊರಟಿದ್ದ ತರ್ಕದ ಮೇಡಂ ತಿರುಗಿ ಬಂದರು. ಹಲಗೆಯ ಮೇಲಿದ್ದ 'ಕ ಆದರೆ ಖ'ವನ್ನು ಓದಿ, ನಿಟ್ಟುಸಿರು ಬಿಟ್ಟು, ತಮ್ಮ ಛತ್ರಿಯ ತುದಿಯಿಂದ ಅದರ ಮೇಲೆ ತಟ್ಟಿದರು.

"ಕನ್ನಡದಲ್ಲಿ ಎರಡು ಆದರೆ ಇವೆ. 'ಸಂಬಳ ಆದರೆ ಶರ್ಟು ಕೊಳ್ತೀನಿ.' ಅದು ಷರತ್ತು. 'ಶರ್ಟು ಚೆನ್ನಾಗಿದೆ, ಆದರೆ ಗುಂಡಿ ಇಲ್ಲ.' ಅದು ಷರತ್ತಲ್ಲ. ತರ್ಕದಲ್ಲಿ ಅದಕ್ಕೆ 'ಮತ್ತು' ಅಂತಲೇ ಬೆಲೆ. ಚೆನ್ನಾಗಿರೋದೂ ನಿಜ, ಗುಂಡಿ ಇಲ್ಲದಿರೋದೂ ನಿಜ. ಆ ಹುಡುಗಿ ಹೇಳಿದ್ದು ಒಪ್ಪಿಗೆ. ಮತ್ತು, ಭಾನುವಾರ ಬನ್ನಿ. ಮಧ್ಯೆ ಒಂದು ಅಲ್ಪವಿರಾಮ ಇತ್ತು, ನೀವು ಕೇಳಿಸ್ಕೊಳ್ಳಲಿಲ್ಲ. ಇದನ್ನೇ ಅಲ್ಲವಾ ನಾನು ಆ ಮಳೆ ದಿನ ಪಾಠ ಮಾಡಿದ್ದು? ಅವತ್ತು ಎಲ್ಲಿದ್ರಿ?"

"ಛತ್ರಿ ಇರಲಿಲ್ಲ ಮೇಡಂ."

"ಛತ್ರಿ ಇರಲಿಲ್ಲ ಅಂತ ನನಗೂ ಗೊತ್ತು. ಯಾಕಿರಲಿಲ್ಲ ಅಂತ ಕೇಳ್ತಿದ್ದೀನಿ." ಆ ಅಡ್ಡಹೆಸರು ತರಗತಿಗೂ ಹಿಂಬಾಲಿಸಿ ಹೋಗಿತ್ತು.

"ಈಗ ಅದು... ಆ ಒಪ್ಪಿಗೆ ಇನ್ನೂ ಸಿಂಧುವೇ ಮೇಡಂ?"

"ಅದನ್ನ ಪಟ್ಟಿ ಹೇಳಲ್ಲ. ಮೆಟ್ಟಿಲು ಹತ್ತಿ ಕೇಳಿ."

ಛತ್ರಿಗಳ ರಾಶಿಯನ್ನು ಹಾರಿ, ಎಡವಿ, ಎದ್ದು, ಅವನು ಗಾಜಿನ ಕೋಣೆಗೆ ಓಡಿದ. ಅವಳು ಮೈಕಿನ ಮುಂದೆ ಕೂತಿದ್ದಳು, ಬೆನ್ನು ಅವನ ಕಡೆಗೆ.

"ಆ ಆದರೆ ಯಾವ ಆದರೆ ಅಂತ ಗೊತ್ತಾಗಲಿಲ್ಲ," ಎಂದ ಏದುಸಿರು ಬಿಡುತ್ತ. "ನಾನು ಷರತ್ತು ಅಂದುಕೊಂಡೆ. ಹೊಸ ಶರ್ಟು ಹಾಕ್ಕೊಂಡು ಮನೇಲೇ ಕೂತಿದ್ದೆ."

"ನಾನೂ ಕೂತಿದ್ದೆ," ಎಂದಳು ಅವಳು. ಆ ಇಸ್ತ್ರಿಯ ದನಿಯಲ್ಲಿ, 'ಕೂತಿದ್ದೆ' ಎನ್ನುವಲ್ಲಿ, ಒಂದೇ ಒಂದು ಮಡಿಕೆ ಬಿತ್ತು. ಬೇರೆ ಯಾರಿಗೂ ಅದು ಕೇಳಿಸುತ್ತಿರಲಿಲ್ಲ. ಛತ್ರಿಗೆ ಕೇಳಿಸಿತು, ಮತ್ತು ಅದಕ್ಕೆ ಪಟ್ಟಿ ಬೇಕಾಗಲಿಲ್ಲ.

"ಇವತ್ತು ಬರ್ತೀನಿ."

"ಇವತ್ತು ಸೋಮವಾರ."

"ಭಾನುವಾರ ಆಗೋವರೆಗೂ ನಿಮ್ಮ ಮನೆ ಮೆಟ್ಟಿಲ ಮೇಲೆ ಕೂತಿರ್ತೀನಿ."

ಅವಳು ಅವನ ಕಡೆ ತಿರುಗಿ ನೋಡಿದಳು. ಆಮೇಲೆ ಗುಂಡಿ ಒತ್ತಿದಳು. "ಪ್ರಯಾಣಿಕರು ದಯವಿಟ್ಟು ಗಮನಿಸಿ. ನಿನ್ನೆ ಬರಬೇಕಾಗಿದ್ದವರು ಈಗ ಬಂದಿದ್ದಾರೆ."

ಅಂದು ಸಂಜೆಯೊಳಗೆ ಕಪಾಟು ಖಾಲಿಯಾಯಿತು. ಕೇಳಿದವರಿಗೆ ಕೇಳಿದ್ದು. ಬೂಟು ಬೂಟನ್ನು ಸೇರಿತು, ಮುದುಕರು ಹಲ್ಲು ಕಿರಿಯುತ್ತ ಹೋದರು, ಕಡೆಗೆ ಹಿಡಿ ಸೀಳಿದ ಒಂದು ಛತ್ರಿ ಉಳಿದಾಗ ಛತ್ರಿ ಅದನ್ನು ಧೈರ್ಯ ಮಾಡಿ ತಾನೇ ತೆಗೆದುಕೊಂಡ. ಮ್ಯಾನೇಜರು ಶೌಚಾಲಯದ ಆಜ್ಞೆಯನ್ನು ಹಿಂತೆಗೆದುಕೊಂಡರು.

ಮದುವೆ ನೋಂದಣಿ ಕಚೇರಿಯಲ್ಲಿ ಆಯಿತು. ಅಕ್ಕ, ಭಾವ, ಹುಡುಗಿಯ ತಾಯಿ, ತರ್ಕದ ಮೇಡಂ, ಮ್ಯಾನೇಜರು, ಎಲ್ಲರೂ ಮರದ ಕುರ್ಚಿಗಳಲ್ಲಿ ಶಿಸ್ತಾಗಿ ಕೂತಿದ್ದರು. ಭಾವ ಛತ್ರಿಯ ಭುಜ ತಟ್ಟಿ ದೊಡ್ಡ ಮನಸ್ಸು ಮಾಡಿದರು.

"ನೋಡಪ್ಪ, ಜಾಣ ಆದರೆ ಮದುವೆ ಆಗುತ್ತೆ ಅಂದಿದ್ದೆ. ಮದುವೆ ಆಗ್ತಿದೆ. ಆದ್ದರಿಂದ ನೀನು ಜಾಣ. ಒಪ್ಪಿಕೊಂಡೆ."

ಛತ್ರಿ ಭಾವನ ಕೈ ಹಿಡಿದುಕೊಂಡ. ಆದರೂ ಶಾಸ್ತ್ರ ಶಾಸ್ತ್ರವೇ. "ಭಾವ, ಅದು ಅಸಿಂಧು," ಎಂದ ಮೆಲ್ಲಗೆ. "ಮೂರನೇ ಸಾಲು. ದಡ್ಡ ಆಗಿದ್ದೂ ಮದುವೆ ಆಗಬಹುದು."

"ಅದಂತೂ ಕಣ್ಣೆದುರಿಗೇ ಇದೆ," ಎಂದರು ತರ್ಕದ ಮೇಡಂ.

ನೋಂದಣಿ ಅಧಿಕಾರಿ ಕೆಮ್ಮಿ ಎಲ್ಲರನ್ನೂ ಸುಮ್ಮನಾಗಿಸಿ, ವಧುವಿನ ಕಡೆ ನೋಡಿದರು. "ಇವರನ್ನು ಮದುವೆಯಾಗಲು ನಿಮಗೆ ಒಪ್ಪಿಗೆಯೇ?"

"ಒಪ್ಪಿಗೆ ಆದರೆ," ಎಂದಳು ದಯವಿಟ್ಟು, ಇಸ್ತ್ರಿಯ ದನಿಯಲ್ಲಿ. ಹಾಗೆಂದು ನಿಲ್ಲಿಸಿಬಿಟ್ಟಳು.

ಅಧಿಕಾರಿಯ ಪೆನ್ನು ಗಾಳಿಯಲ್ಲಿ ನಿಂತಿತು. ಅಕ್ಕನ ಕೈ ಎದೆಗೆ ಹೋಯಿತು. ಭಾವ ಅರ್ಧ ಎದ್ದರು. ಮ್ಯಾನೇಜರು ಅಪ್ರಯತ್ನವಾಗಿ ಗಡಿಯಾರ ನೋಡಿದರು. ಛತ್ರಿಯ ಕಣ್ಣ ಮುಂದೆ ಮೂರನೇ ಸಾಲು ಬಾಗಿಲಿನಿಂದ ಬೀದಿಯವರೆಗೆ ಬೆಳೆದು ನಿಂತಿತ್ತು, ಅದರ ತುದಿಯಲ್ಲಿ ಅವನೊಬ್ಬನೇ, ಕೈಯಲ್ಲಿ ಬಿಸ್ಕತ್ತು ಹಿಡಿದು.

ಅವಳು ಅವನನ್ನು ಚೆನ್ನಾಗಿ ನೋಡಿ ಮುಗಿಸಿದ ಮೇಲೆ ಹೇಳಿದಳು: "ಪ್ರಯಾಣಿಕರು ದಯವಿಟ್ಟು ಗಮನಿಸಿ. ಒಪ್ಪಿಗೆ. ಅಲ್ಪವಿರಾಮ. ಆದರೆ ಭಾನುವಾರ ಮನೆಗೆ ಬರಬೇಕು."

ಮೊದಲು ನಕ್ಕವರು ಅವಳ ತಾಯಿ. ಆಮೇಲೆ ಅಕ್ಕ, ಆಮೇಲೆ ಪಕ್ಕದ ಕೋಣೆಯ ಗುಮಾಸ್ತರು. ಎಲ್ಲರ ನಗು ಇಳಿಯುವ ಹೊತ್ತಿಗೆ ಛತ್ರಿಯದು ಶುರುವಾಯಿತು. ಅವನು ಕುರ್ಚಿ ಹಿಡಿದುಕೊಂಡು, ಕನ್ನಡಕ ತೆಗೆದು, ಕಿಟಕಿಯ ಗಾಜು ಅದುರುವಂತೆ, ಬೀದಿಯವರು ತಲೆ ಎತ್ತಿ ನೋಡುವಂತೆ ನಕ್ಕ. ನಿಮಗೂ ಒಪ್ಪಿಗೆಯೇ ಎಂದು ಅಧಿಕಾರಿ ಎರಡು ಸಲ ಕೇಳಿದರೂ ಅವನಿಗೆ ಮಾತೇ ಹೊರಡಲಿಲ್ಲ, ನಗುತ್ತಲೇ ತಲೆಯಾಡಿಸಿದ. ಅಧಿಕಾರಿ ಅದನ್ನೇ 'ಒಪ್ಪಿಗೆ' ಎಂದು ಬರೆದುಕೊಂಡು, ಆ ಪದದ ಮುಂದೆ, ಮುಂಜಾಗ್ರತೆಗಾಗಿ, ದಪ್ಪಗೆ ಒಂದು ಪೂರ್ಣವಿರಾಮ ಒತ್ತಿದರು.